ಕಮ್ಯುನಿಟಿ ಕಾಲೇಜು: ಸೇರಿದವರು ಅರ್ಧಕ್ಕೇ ಬಿಟ್ಟು ಹೋಗ್ತಾರೆ, ಮೊದಲು ಎಲ್ಲಿ ಕೈ ಹಾಕಬೇಕು?

ಹಾಸನದವಳು

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸಾರ್ವಜನಿಕ ಕಾಲೇಜು) ಪಾಠ ಮಾಡೋರು, ಅಡ್ವೈಸಿಂಗ್ (ಓದಿನ ಮಾರ್ಗದರ್ಶನ), ಫೈನಾನ್ಶಿಯಲ್ ಏಡ್ (ಓದಿಗೆ ಹಣದ ನೆರವು) ಕಚೇರಿಗಳಲ್ಲಿ ಇರೋರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಅದಕ್ಕೇ ಕೇಳ್ತಿದ್ದೀನಿ.

ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಸೇರಿದವರಲ್ಲಿ ಹೆಚ್ಚಿನವರು ಮೂರು ವರ್ಷ ಕಳೆದರೂ ಮುಗಿಸಿರಲ್ಲ. ಮೊದಲ ಸೆಮಿಸ್ಟರಿಗೆ ಬಂದ ಮುಖ ಎರಡನೆಯದಕ್ಕೆ ಕಾಣಲ್ಲ. ಈ ವಿಷಯಕ್ಕೆ ಸಮಿತಿ ಕೂತಾಗೆಲ್ಲ ಅದೇ ಮೂರು ಮಾತು ಬರುತ್ತೆ: ಟ್ಯೂಟರಿಂಗ್ ಸೆಂಟರ್ ದೊಡ್ಡದು ಮಾಡೋಣ, ಓರಿಯಂಟೇಶನ್ ಚೆನ್ನಾಗಿ ಮಾಡೋಣ, ಒಂದು ಆ್ಯಪ್ ಕೊಳ್ಳೋಣ. ಕೈಯಲ್ಲಿರೋ ದುಡ್ಡು ಒಂದೋ ಎರಡೋ ಕೆಲಸಕ್ಕೆ ಸಾಕು ಅಂದ್ಕೊಳ್ಳಿ. ಮೊದಲು ಯಾವುದು? ಸ್ವಂತ ಕಥೆ ಬೇಡ. ಏನು ಮಾಡಿದರೆ ಏನಾಗುತ್ತೆ, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ, ಅಷ್ಟು ಹೇಳಿ ಸಾಕು.

ಅಂಕಿಅಂಶ

ಮೊದಲು ಯಾವ ಅಂಕಿ ಹಿಡಿದು ಮಾತಾಡ್ತಿದ್ದೀವಿ ಅನ್ನೋದು ಇತ್ಯರ್ಥ ಆಗ್ಲಿ. ಒಬ್ಬರು ಒಂದು ಲೆಕ್ಕ, ಇನ್ನೊಬ್ಬರು ಇನ್ನೊಂದು ಲೆಕ್ಕ ಹಿಡಿದು ಗಂಟೆಗಟ್ಟಲೆ ವಾದ ಮಾಡೋದು ಎಲ್ಲಾ ಕಡೆ ಇದೆ.

ಸರ್ಕಾರಕ್ಕೆ ಹೋಗುವ ಐಪೆಡ್ಸ್ ಅನ್ನೋ ವರದಿಯ ಗ್ರ್ಯಾಜುಯೇಶನ್ ರೇಟ್ (ಡಿಗ್ರಿ ಮುಗಿಸಿದವರ ಪ್ರಮಾಣ) ಎಣಿಸೋದು ಮೊದಲ ಸಲ ಕಾಲೇಜಿಗೆ ಬಂದ, ಫುಲ್‌ಟೈಮ್ ಸೇರಿದ ವಿದ್ಯಾರ್ಥಿಗಳನ್ನು ಮಾತ್ರ. ಕೊಡುವ ಗಡುವು ಒಂದೂವರೆ ಪಟ್ಟು, ಅಂದ್ರೆ ಎರಡು ವರ್ಷದ ಡಿಗ್ರಿಗೆ ಮೂರು ವರ್ಷ. ಕಮ್ಯುನಿಟಿ ಕಾಲೇಜಲ್ಲಿ ಬಹುಪಾಲು ಪಾರ್ಟ್‌ಟೈಮ್‌ನವರು, ಅವರು ಈ ಲೆಕ್ಕದಲ್ಲೇ ಇಲ್ಲ. ಡಿಗ್ರಿ ತಗೊಳ್ಳದೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋದವರು ಬೇರೆ ಕಾಲಂ. 2015-16ರಿಂದ ಔಟ್‌ಕಮ್ ಮೆಷರ್ಸ್ ಅಂತ ಇನ್ನೊಂದು ಲೆಕ್ಕ ಬಂತು, ಅದರಲ್ಲಿ ಪಾರ್ಟ್‌ಟೈಮ್‌ನವರೂ ಬೇರೆ ಕಡೆಯಿಂದ ಬಂದವರೂ ಸೇರ್ತಾರೆ, ಎಂಟು ವರ್ಷದವರೆಗೆ ನೋಡ್ತಾರೆ.

ಇನ್ನು ರಿಟೆನ್ಷನ್ ಬೇರೆ, ಪರ್ಸಿಸ್ಟೆನ್ಸ್ ಬೇರೆ. ಮುಂದಿನ ವರ್ಷ ಅದೇ ಕಾಲೇಜಿಗೆ ಬಂದರೆ ರಿಟೆನ್ಷನ್. ಯಾವ ಕಾಲೇಜಿಗಾದರೂ ಸರಿ, ಓದು ಮುಂದುವರಿದಿದ್ದರೆ ಪರ್ಸಿಸ್ಟೆನ್ಸ್. ದೇಶದ ಕಾಲೇಜುಗಳ ದಾಖಲಾತಿ ಮಾಹಿತಿ ಒಟ್ಟುಮಾಡುವ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಎರಡನ್ನೂ ಬೇರೆಬೇರೆ ಕೊಡುತ್ತೆ. ಬಿಟ್ಟು ಹೋದವರ ಪಟ್ಟಿಯನ್ನು ಅವರಿಗೆ ಕಳಿಸಿ ಹೊಂದಿಸಿ ನೋಡಿ. ಓದು ಬಿಟ್ಟಿದ್ದಾರೆ ಅಂದ್ಕೊಂಡವರಲ್ಲಿ ಕೆಲವರು ಪಕ್ಕದ ಕೌಂಟಿಯ ಕಾಲೇಜಲ್ಲಿ ಕೂತಿರ್ತಾರೆ.

ಮೂರು ವರ್ಷ ಕಾದು ಬರುವ ಅಂಕಿಯಿಂದ ಕೆಲಸ ನಡೆಯಲ್ಲ. ಬೇಗ ಕಾಣುವ ಅಂಕಿ ಇಟ್ಕೊಳ್ಳಿ: ರಿಜಿಸ್ಟರ್ ಆಗಿ ಮೊದಲ ಕ್ಲಾಸಿಗೇ ಬಾರದವರು ಎಷ್ಟು, ಮೊದಲ ಸೆಮಿಸ್ಟರಲ್ಲಿ ತಗೊಂಡ ಕ್ರೆಡಿಟ್‌ನಲ್ಲಿ (ಕೋರ್ಸಿನ ತೂಕದ ಲೆಕ್ಕ) ಪಾಸಾದದ್ದು ಎಷ್ಟು ಪಾಲು, ಫಾಲ್‌ನಿಂದ (ಶರತ್ಕಾಲದ ಸೆಮಿಸ್ಟರ್) ಸ್ಪ್ರಿಂಗ್‌ಗೆ (ವಸಂತದ್ದು) ಬಂದವರು ಎಷ್ಟು, ಮೊದಲ ವರ್ಷದೊಳಗೆ ಕಾಲೇಜು ಮಟ್ಟದ ಗಣಿತ ಮತ್ತು ಇಂಗ್ಲಿಷ್ ಎರಡೂ ಪಾಸಾದವರು ಎಷ್ಟು. ಕೊನೆಯದು ಅತಿ ಮುಖ್ಯ.

ಗಣಿತದ ಮೇಷ್ಟ್ರು

ಆ ಕೊನೆಯ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ. ಒಂದೇ ಕೆಲಸಕ್ಕೆ ದುಡ್ಡು ಅಂದ್ರೆ ರೆಮೆಡಿಯಲ್ ಗಣಿತದ (ಕಾಲೇಜು ಮಟ್ಟಕ್ಕೆ ಮುಂಚೆ ಹಾಕುವ ತಯಾರಿ ಕೋರ್ಸುಗಳ) ಮೆಟ್ಟಿಲು ಕಿತ್ತು ಹಾಕಿ.

ಲೆಕ್ಕ ನೋಡಿ. ಯಾವ ಮಟ್ಟಕ್ಕೆ ಕೂರಿಸಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಕಡಿಮೆ ಬಂದ ಹುಡುಗ ಮೂರು ಮೆಟ್ಟಿಲು ಕೆಳಗೆ ಬೀಳ್ತಾನೆ ಅಂದ್ಕೊಳ್ಳಿ. ಮೂರು ರೆಮೆಡಿಯಲ್ ಕೋರ್ಸು, ಆಮೇಲೆ ಕಾಲೇಜು ಮಟ್ಟದ್ದು ಒಂದು. ಪ್ರತಿ ಕೋರ್ಸಲ್ಲೂ 100ಕ್ಕೆ 70 ಜನ ಪಾಸು, ಪಾಸಾದವರಲ್ಲಿ 100ಕ್ಕೆ 80 ಜನ ಮುಂದಿನದಕ್ಕೆ ಸೇರ್ತಾರೆ ಅನ್ನೋಣ. ಎರಡೂ ಕೇಳೋಕೆ ಒಳ್ಳೆಯ ಅಂಕಿಗಳೇ. ನಾಲ್ಕು ಸಲ 0.7, ಮೂರು ಸಲ 0.8 ಗುಣಿಸಿ: 0.123. ನೂರರಲ್ಲಿ 12 ಜನ. ಪಾಠ ಎಷ್ಟೇ ಚೆನ್ನಾಗಿ ಮಾಡಿ, ಪಾಸಿನ ಪ್ರಮಾಣ 80ಕ್ಕೆ ಏರಿಸಿ, ಆಗಲೂ 21 ಜನ ಅಷ್ಟೇ. ಮೆಟ್ಟಿಲ ಸಂಖ್ಯೆಯೇ ಅವರನ್ನು ತಿಂದು ಹಾಕುತ್ತೆ.

ಪರಿಹಾರ ಕೋ-ರಿಕ್ವಿಸಿಟ್. ನೇರ ಕಾಲೇಜು ಮಟ್ಟದ ಕೋರ್ಸಿಗೇ ಕೂರಿಸಿ, ಜೊತೆಗೆ ವಾರಕ್ಕೆ ಎರಡು ಗಂಟೆ ಬೆಂಬಲದ ಕ್ಲಾಸು. ಟೆನೆಸ್ಸಿ ರಾಜ್ಯ 2015ರ ಫಾಲ್‌ನಿಂದ ಇಡೀ ರಾಜ್ಯಕ್ಕೆ ಇದನ್ನು ತಂತು. ಅದಕ್ಕೆ ಮುಂಚೆ ರೆಮೆಡಿಯಲ್‌ನಿಂದ ಶುರು ಮಾಡಿದವರಲ್ಲಿ ವರ್ಷದೊಳಗೆ ಕಾಲೇಜು ಗಣಿತ ಪಾಸಾಗ್ತಿದ್ದವರು ಶೇ 12ರ ಆಸುಪಾಸು, ಆಮೇಲೆ ಶೇ 50 ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2017ರ ಎಬಿ 705 ಕಾನೂನು ಹೈಸ್ಕೂಲ್ ಅಂಕ ನೋಡಿಯೇ ಪ್ಲೇಸ್ ಮಾಡಿ ಅಂತು. 2019ರ ಫಾಲ್‌ ಹೊತ್ತಿಗೆ ಎಲ್ಲಾ ಕಮ್ಯುನಿಟಿ ಕಾಲೇಜೂ ಬದಲಾಗಬೇಕಾಯ್ತು. ಒಂದು ದಿನ ಕಂಪ್ಯೂಟರ್ ಮುಂದೆ ಕೂತು ಬರೆದ ಪರೀಕ್ಷೆಗಿಂತ ನಾಲ್ಕು ವರ್ಷದ ಹೈಸ್ಕೂಲ್ ಜಿಪಿಎ (ಸರಾಸರಿ ಗ್ರೇಡ್) ಹೆಚ್ಚು ಹೇಳುತ್ತೆ.

ಧಾರವಾಡ ಪೇಢೆ

ಅಲ್ರೀ ಮೇಷ್ಟ್ರ, ಭಿನ್ನರಾಶಿ ಕೂಡಿಸಾಕ ಬರದವನ್ನ ಒಯ್ದು ಕಾಲೇಜ್ ಅಲ್ಜೀಬ್ರಾಕ್ಕ ಕೂರಿಸಿದ್ರ ಅವ ಏನ್ ಮಾಡ್ತಾನ? ಪಾಸ್ ಆದವ್ರ ಸಂಖ್ಯೆ ಹೆಚ್ಚಾತು ಅಂದ್ರ ಪೇಪರ್ ಹಗುರ ಮಾಡೀರಿ ಅಂತಾನೂ ಅರ್ಥ ಆಗಬಹುದಲ್ಲ? ಇನ್ನೊಂದ್ ಮಾತು. ಶೇಕಡಾವಾರು ಫೇಲ್ ಆಗೋರೂ ಹೆಚ್ಚಾಗ್ತಾರ. ಅವರ ಬಗ್ಗೆ ಯಾರೂ ಮಾತಾಡಂಗಿಲ್ಲ.

ಗಣಿತದ ಮೇಷ್ಟ್ರು

ಧಾರವಾಡದವರೇ, ಪ್ರಶ್ನೆ ಸರಿಯಾಗಿಯೇ ಇದೆ. ಎರಡು ಉತ್ತರ.

ಮೊದಲನೆಯದು, ಎಲ್ಲರಿಗೂ ಕಾಲೇಜ್ ಅಲ್ಜೀಬ್ರಾ ಯಾಕೆ? ನರ್ಸಿಂಗ್, ಸಮಾಜಶಾಸ್ತ್ರ, ಕ್ರಿಮಿನಲ್ ಜಸ್ಟಿಸ್ ಓದುವವರಿಗೆ ಬೇಕಾದದ್ದು ಸ್ಟಾಟಿಸ್ಟಿಕ್ಸ್. ಅಲ್ಜೀಬ್ರಾ ಹಾದಿ ಕ್ಯಾಲ್ಕುಲಸ್‌ಗೆ ಹೋಗೋರಿಗೆ. ಕೋರ್ಸಿಗೆ ತಕ್ಕ ಗಣಿತ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಮುಗೀತು. ಆದರೆ ಟ್ರಾನ್ಸ್‌ಫರ್ ಆಗುವ ಯೂನಿವರ್ಸಿಟಿ ಆ ಸ್ಟಾಟಿಸ್ಟಿಕ್ಸನ್ನು ಒಪ್ಪುತ್ತಾ ಅಂತ ಮೊದಲೇ ಲಿಖಿತದಲ್ಲಿ ತಗೊಳ್ಳಿ.

ಎರಡನೆಯದು, ಬೆಂಬಲದ ಕ್ಲಾಸು ಕೆಡುವುದು ಹೇಗೆ ಅಂತ ಹೇಳ್ತೀನಿ, ಆಗ ಫೇಲಾದವರ ವಿಷಯವೂ ಅರ್ಥ ಆಗುತ್ತೆ. ಮೇನ್ ಕ್ಲಾಸ್ ಒಬ್ಬರು, ಬೆಂಬಲದ ಕ್ಲಾಸ್ ಇನ್ನೊಬ್ಬರು ತಗೊಂಡ್ರೆ ಕೆಟ್ಟಿತು, ಇಲ್ಲಿ ಇವತ್ತು ಏನು ನಡೀತು ಅಂತ ಅಲ್ಲಿಯವರಿಗೆ ಗೊತ್ತಿರಲ್ಲ. ಐದು ಸೆಕ್ಷನ್ನಿನ ಮಕ್ಕಳನ್ನು ಒಂದೇ ಬೆಂಬಲದ ಕ್ಲಾಸಿಗೆ ತುಂಬಿದ್ರೂ ಕೆಟ್ಟಿತು. ಹಳೇ ಪ್ರೀ-ಅಲ್ಜೀಬ್ರಾ ಪಠ್ಯವನ್ನೇ ಮೊದಲ ಪುಟದಿಂದ ಶುರು ಮಾಡಿದ್ರಂತೂ ಪೂರ್ತಿ ಕೆಟ್ಟಿತು. ನಾಳೆ ಸ್ಟ್ಯಾಂಡರ್ಡ್ ಡೀವಿಯೇಶನ್ ಇದ್ರೆ ಇವತ್ತು ವರ್ಗಮೂಲ, ಋಣ ಸಂಖ್ಯೆಯ ವರ್ಗ, ಕ್ಯಾಲ್ಕುಲೇಟರಿನಲ್ಲಿ ಆವರಣ ಹಾಕೋದು, ಇಷ್ಟೇ. ಬೇಕಾದದ್ದು ಬೇಕಾದ ದಿನಕ್ಕೆ. ಭಿನ್ನರಾಶಿ ಬರದವನಿಗೆ ಭಿನ್ನರಾಶಿ ಕಲಿಸಲೇಬೇಕು, ಅದು ಸಂಭವನೀಯತೆ ಬಂದ ವಾರ ಕಲಿಸಿದರೆ ತಲೆಗೆ ಹತ್ತುತ್ತೆ.

ತುಂಗಾ ತೀರ

ಇಂಗ್ಲಿಷಿಗೂ ಇದೇ. ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜು 2007ರಲ್ಲೇ ಎಎಲ್‌ಪಿ (ಆ್ಯಕ್ಸಿಲರೇಟೆಡ್ ಲರ್ನಿಂಗ್ ಪ್ರೋಗ್ರಾಂ) ಅಂತ ಶುರು ಮಾಡ್ತು. ಇಂಗ್ಲಿಷ್ 101ರ (ಕಾಲೇಜು ಮಟ್ಟದ ಮೊದಲ ಇಂಗ್ಲಿಷ್ ಕೋರ್ಸು) ಒಂದು ಕ್ಲಾಸಲ್ಲಿ ಎಂಟೋ ಹತ್ತೋ ಜನ ಬೆಂಬಲ ಬೇಕಾದವರು, ಉಳಿದವರು ಮಾಮೂಲು. ಕ್ಲಾಸ್ ಮುಗಿದ ತಕ್ಷಣ ಅದೇ ಟೀಚರ್ ಜೊತೆ ಆ ಎಂಟು-ಹತ್ತು ಜನ ಮಾತ್ರ ಇನ್ನೊಂದು ಗಂಟೆ ಕೂರ್ತಾರೆ. ಆ ಸಣ್ಣ ಗುಂಪಿನಲ್ಲಿ ಪ್ರಬಂಧದ ಜೊತೆಗೆ ಮನೆ ಬಾಡಿಗೆ, ಕೆಲಸದ ಶಿಫ್ಟು, ಮಗುವಿನ ಜ್ವರ ಎಲ್ಲಾ ಹೊರಗೆ ಬರುತ್ತೆ. ದೊಡ್ಡ ಕ್ಲಾಸಲ್ಲಿ ಅದು ಯಾವತ್ತೂ ಬರಲ್ಲ.

ಅಡ್ವೈಸರ್ ಅಕ್ಕ

ಈಗ ಬಂದ್ರಿ ನೋಡಿ ದಾರಿಗೆ. ಬಾಡಿಗೆ, ಶಿಫ್ಟು, ಜ್ವರ. ಮೇಷ್ಟ್ರು ಗಣಿತದ ಮೆಟ್ಟಿಲು ಕಿತ್ತು ಹಾಕಿ ಅಂತಾರೆ, ಕೀಳಿ. ಆದರೆ ಗಣಿತ ಪಾಸಾದವರೂ ಬಿಟ್ಟು ಹೋಗ್ತಾರಲ್ಲ?

ಈ ಕ್ಷೇತ್ರದಲ್ಲಿ ಗಟ್ಟಿ ಸಾಕ್ಷಿ ಇರೋದು ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ (ಕ್ಯೂನಿ) ಎಎಸ್‌ಎಪಿ ಅನ್ನೋ ಕಾರ್ಯಕ್ರಮಕ್ಕೆ. 2007ರಲ್ಲಿ ಶುರು. ಚೀಟಿ ಎತ್ತಿದ ಹಾಗೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಎಂಡಿಆರ್‌ಸಿ ಸಂಸ್ಥೆ ಪರೀಕ್ಷಿಸಿತು. ಮೂರು ಕಾಲೇಜು, 896 ಜನ, ಎಲ್ಲರೂ ಕಡಿಮೆ ಆದಾಯದವರು, ಎಲ್ಲರಿಗೂ ರೆಮೆಡಿಯಲ್ ಬಾಕಿ. ಮೂರು ವರ್ಷಕ್ಕೆ ಡಿಗ್ರಿ ಮುಗಿಸಿದವರು ಎಎಸ್‌ಎಪಿ ಗುಂಪಿನಲ್ಲಿ ಶೇ 40.1, ಮಾಮೂಲು ಗುಂಪಿನಲ್ಲಿ ಶೇ 21.8. ಸುಮಾರು ಎರಡರಷ್ಟು!

ಏನು ಕೊಟ್ರು? ಒಬ್ಬ ಅಡ್ವೈಸರಿಗೆ 60ರಿಂದ 80 ವಿದ್ಯಾರ್ಥಿಗಳು. ಮಾಮೂಲು ಗುಂಪಿನ ಅಡ್ವೈಸರ್ ಹತ್ರ 600ರಿಂದ 1,500. ಪುಸ್ತಕ ಉಚಿತ. ಏಡ್ ಬಂದ ಮೇಲೂ ಫೀಸಲ್ಲಿ ಉಳಿದ ಅಂತರ ಮನ್ನಾ. ತಿಂಗಳ ಮೆಟ್ರೊಕಾರ್ಡ್ (ರೈಲು-ಬಸ್ ಪಾಸ್) ಉಚಿತ. ಬದಲಿಗೆ ಫುಲ್‌ಟೈಮ್ ಓದಬೇಕು, ರೆಮೆಡಿಯಲ್ ಮುಂದಕ್ಕೆ ಹಾಕದೆ ಬೇಗ ಮುಗಿಸಬೇಕು, ಅಡ್ವೈಸರನ್ನು ತಪ್ಪದೆ ಕಾಣಬೇಕು. ಕಾರ್ಡನ್ನು ಸುಮ್ಮನೆ ಅಂಚೆಯಲ್ಲಿ ಕಳಿಸಲಿಲ್ಲ, ಅಡ್ವೈಸರ್ ಹತ್ರ ಬಂದವರಿಗೆ ಕೊಟ್ಟರು. ಗುಟ್ಟು ಅಲ್ಲಿದೆ. ರೈಲಿನ ಕಾರ್ಡಿಗೆ ಬಂದವರು ಐದು ನಿಮಿಷ ಕೂತು ಮಾತಾಡಿ ಹೋಗ್ತಾರೆ.

ಅಂಕಿಅಂಶ

ಅಕ್ಕ ಬಿಟ್ಟ ಒಂದು ಅಂಕಿ: ಖರ್ಚು. ಮೂರು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಸುಮಾರು 16,300 ಡಾಲರ್ ಹೆಚ್ಚುವರಿ. ಆದರೆ ಮುಗಿಸಿದವರು ಎರಡರಷ್ಟು ಆದ್ದರಿಂದ ಒಂದು ಡಿಗ್ರಿಗೆ ತಗಲಿದ ಖರ್ಚು ಮಾಮೂಲಿಗಿಂತ ಕಡಿಮೆ. ಆಡಳಿತದ ಮುಂದೆ ಇಡಬೇಕಾದ ಅಂಕಿ ಎರಡನೆಯದು.

ಧಾರವಾಡ ಪೇಢೆ

ನ್ಯೂಯಾರ್ಕ್ ಬಿಡ್ರೀ, ಅಲ್ಲಿ ರೈಲು ಐತಿ, ರೊಕ್ಕ ಐತಿ. ಕಾರಿಲ್ಲದ್ರ ಕಾಲೇಜ್ ಮುಟ್ಟಾಕ ಆಗದ ಊರಾಗ ಮೆಟ್ರೊಕಾರ್ಡ್ ಏನ್ ಮಾಡೂದು?

ಅಡ್ವೈಸರ್ ಅಕ್ಕ

ಓಹಾಯೊದ ಮೂರು ಕಾಲೇಜುಗಳು ಅದನ್ನೇ ಮಾಡಿ ತೋರಿಸಿದವು: ಸಿನ್ಸಿನಾಟಿ ಸ್ಟೇಟ್, ಕಯಹೋಗ, ಲೊರೇನ್ ಕೌಂಟಿ. ಮೆಟ್ರೊಕಾರ್ಡ್ ಬದಲು ತಿಂಗಳಿಗೆ 50 ಡಾಲರಿನ ಪೆಟ್ರೋಲ್ ಅಥವಾ ದಿನಸಿ ಕಾರ್ಡ್. ಅಡ್ವೈಸರ್ ಕಂಡವರಿಗೆ ಮಾತ್ರ. ಮೂರು ವರ್ಷಕ್ಕೆ ಡಿಗ್ರಿ ಮುಗಿಸಿದವರು ಮಾಮೂಲು ಗುಂಪಿನಲ್ಲಿ ಶೇ 19, ಇವರಲ್ಲಿ ಶೇ 35. ಊರು ಬೇರೆ, ಜನ ಬೇರೆ, ಫಲ ಅದೇ.

ಮಂಡ್ಯ ಮೇಡಂ

ಐವತ್ತು ಡಾಲರಿಗೆ ಬರ್ತಾರೆ ಅನ್ನೋದೇ ನನಗೆ ಆಶ್ಚರ್ಯ.

ತುಂಗಾ ತೀರ

ಆಶ್ಚರ್ಯ ಬೇಡ ಮೇಡಂ. ವಾರಕ್ಕೆ 30 ಗಂಟೆ ಅಂಗಡಿಯಲ್ಲಿ ದುಡಿದು ಓದುವವರಿಗೆ ಒಂದು ಟ್ಯಾಂಕ್ ಪೆಟ್ರೋಲ್ ಅಂದ್ರೆ ಒಂದು ವಾರದ ಕ್ಲಾಸು.

ಏಡ್ ಕಚೇರಿ

ಇಷ್ಟು ಹೊತ್ತು ಓದಿದೆ, ಫೈನಾನ್ಶಿಯಲ್ ಏಡ್ ನಿಯಮಗಳ ಸುದ್ದಿಯೇ ಯಾರೂ ಎತ್ತಲಿಲ್ಲ. ಎಷ್ಟೋ ಮಕ್ಕಳು ಹೊರಗೆ ಬೀಳೋದು ಇಲ್ಲಿಂದ. ನಿಧಾನವಾಗಿ ಓದಿ.

ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಕೊಡುವ ನೆರವು) ಮುಂದುವರಿಯಬೇಕಾದ್ರೆ ಎಸ್‌ಎಪಿ (ಓದಿನಲ್ಲಿ ತೃಪ್ತಿಕರ ಪ್ರಗತಿ, ಮೇಲಿನ ಎಎಸ್‌ಎಪಿ ಬೇರೆ) ಅಂತ ಶರತ್ತು. ಸಾಮಾನ್ಯವಾಗಿ ಜಿಪಿಎ 2.0, ತಗೊಂಡ ಕ್ರೆಡಿಟ್‌ನಲ್ಲಿ ಶೇ 67 ಪಾಸ್, ಮತ್ತು ಡಿಗ್ರಿಯ ಕ್ರೆಡಿಟ್‌ನ ಒಂದೂವರೆ ಪಟ್ಟು ದಾಟಬಾರದು, ಅಂದ್ರೆ 60 ಕ್ರೆಡಿಟ್‌ ಡಿಗ್ರಿಗೆ 90. ಡಬ್ಲ್ಯೂ (ವಿತ್‌ಡ್ರಾ) ಹಾಕಿ ಕೋರ್ಸ್ ಬಿಟ್ಟರೆ ಜಿಪಿಎಗೆ ಏನೂ ಆಗಲ್ಲ, ಆದರೆ ಆ ಶೇ 67ರ ಲೆಕ್ಕದಲ್ಲಿ ಅದು ತಗೊಂಡದ್ದೇ, ಪಾಸಾಗದ್ದೇ. 'ಫೇಲ್ ಆಗೋ ಬದಲು ಡಬ್ಲ್ಯೂ ತಗೊಳಪ್ಪ' ಅಂತ ಒಳ್ಳೆ ಮನಸ್ಸಿಂದ ಮೇಷ್ಟ್ರು ಹೇಳುವ ಬುದ್ಧಿಮಾತು ಎಷ್ಟೋ ಸಲ ಹುಡುಗನ ಏಡ್ ಕಿತ್ಕೊಳ್ಳುತ್ತೆ.

ಉದಾಹರಣೆಗೆ, ಮೊದಲ ಸೆಮಿಸ್ಟರಲ್ಲಿ 12 ತಗೊಂಡು 6 ಪಾಸ್, ಶೇ 50. ಎಚ್ಚರಿಕೆ ಪತ್ರ ಬರುತ್ತೆ. ಹುಡುಗಿ ಹಟಕ್ಕೆ ಬಿದ್ದು ಮತ್ತೆ 12 ತಗೊಂಡು 9 ಪಾಸಾಗ್ತಾಳೆ. ಸುಧಾರಿಸಿದಳು ಅಲ್ವಾ? 24ಕ್ಕೆ 15, ಶೇ 62.5. ಏಡ್ ಹೋಯ್ತು. ಅದೇ 9 ಮಾತ್ರ ತಗೊಂಡು 9 ಪಾಸಾಗಿದ್ರೆ 21ಕ್ಕೆ 15, ಶೇ 71, ಉಳೀತಿತ್ತು. ಈ ಲೆಕ್ಕವನ್ನು ಎಚ್ಚರಿಕೆ ಪತ್ರದ ಜೊತೆಗೇ, ಆಯಾ ವಿದ್ಯಾರ್ಥಿಯ ಅಂಕಿ ಹಾಕಿ ಕೊಡಬೇಕು. ಕಾನೂನಿನ ಭಾಷೆಯ ಎರಡು ಪುಟ ಯಾರೂ ಓದಲ್ಲ.

ಎರಡನೇ ಗುಂಡಿ. ಸೆಮಿಸ್ಟರಿನ ಶೇ 60 ಭಾಗ ಮುಗಿಯೋ ಮುಂಚೆ ಎಲ್ಲಾ ಕೋರ್ಸ್ ಬಿಟ್ಟರೆ, ಬಳಸದ ಏಡ್ ವಾಪಸ್ ಹೋಗಬೇಕು. 15 ವಾರದ ಸೆಮಿಸ್ಟರಲ್ಲಿ ಅದು ಒಂಬತ್ತನೇ ವಾರದ ಹತ್ರ. ಐದನೇ ವಾರ ಬಿಟ್ಟರೆ ಮೂರನೇ ಒಂದು ಪಾಲು ಮಾತ್ರ ಅವಳದು. ಉಳಿದದ್ದನ್ನು ಕಾಲೇಜು ಸರ್ಕಾರಕ್ಕೆ ಕಟ್ಟಿ, ಬಿಲ್ಲನ್ನು ಅವಳ ಹೆಸರಿಗೆ ಬರೆಯುತ್ತೆ. ಆ ಬಿಲ್ಲೇ ಹೋಲ್ಡ್ ಆಗಿ ಕೂರುತ್ತೆ. ಹೋಲ್ಡ್ ಇದ್ರೆ ಮುಂದಿನ ಸೆಮಿಸ್ಟರ್ ರಿಜಿಸ್ಟರ್ ಆಗಲ್ಲ. ಅಮ್ಮನಿಗೆ ಹುಷಾರಿಲ್ಲ ಅಂತ ಒಂದು ತಿಂಗಳು ತಪ್ಪಿಸಿದವಳು ಶಾಶ್ವತವಾಗಿ ಹೊರಗೆ ಉಳಿಯೋದು ಹೀಗೆ. ಆದ್ದರಿಂದ 'ಪೂರ್ತಿ ಬಿಡ್ತೀನಿ' ಅಂದವರನ್ನು ಮೊದಲು ಏಡ್ ಕಚೇರಿಗೆ ಕಳಿಸಿ. ಒಂದು ಕೋರ್ಸ್ ಆದ್ರೂ ಹಿಡಿದಿಟ್ಕೊಂಡ್ರೆ ಲೆಕ್ಕವೇ ಬೇರೆ.

ಗಣಿತದ ಮೇಷ್ಟ್ರು

ಡಬ್ಲ್ಯೂ ವಿಷಯ ಗೊತ್ತಿಲ್ಲದ ಅಧ್ಯಾಪಕರೇ ಜಾಸ್ತಿ. ಆ 9 ಮತ್ತು 12ರ ಲೆಕ್ಕ ಪ್ರತಿ ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಓದಿ ಹೇಳಬೇಕು.

ಕರಾವಳಿ ಕಾಮತ್

ಹೋಲ್ಡ್ ಬಗ್ಗೆ ಸೇರಿಸುವುದಿದೆ. ಲೈಬ್ರರಿ ದಂಡ, ಪಾರ್ಕಿಂಗ್ ದಂಡ, ಲ್ಯಾಬಿನ ಒಡೆದ ಬೀಕರ್, ಇದಕ್ಕೆಲ್ಲ ರಿಜಿಸ್ಟ್ರೇಶನ್ ತಡೆಯುವ ಪದ್ಧತಿ ಇನ್ನೂ ಬಹಳ ಕಡೆ ಉಂಟು. ಎಷ್ಟು ಮೊತ್ತದ ಕೆಳಗೆ ತಡೆಯಬಾರದು ಅಂತ ಒಂದು ಗೆರೆ ಹಾಕಿ. ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ ಬಾಕಿಗಾಗಿ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ತಡೆಹಿಡಿಯುವುದನ್ನೇ ನಿಷೇಧಿಸಿತು.

ಜಾರ್ಜಿಯಾ ಸ್ಟೇಟ್ ಕಮ್ಯುನಿಟಿ ಕಾಲೇಜಿನವರು ಸಣ್ಣ ಬಾಕಿ ಇದ್ದವರನ್ನು ಅವರು ಅರ್ಜಿ ಹಾಕುವ ಮುಂಚೆಯೇ ಹುಡುಕಿ ಖಾತೆಗೆ ಹಣ ಹಾಕ್ತಾರೆ. ಸರಾಸರಿ 900 ಡಾಲರ್ ಆಸುಪಾಸು.

ಅಂಕಿಅಂಶ

ತಿದ್ದುಪಡಿ: ಜಾರ್ಜಿಯಾ ಸ್ಟೇಟ್ ಕಮ್ಯುನಿಟಿ ಕಾಲೇಜಲ್ಲ, ಅಟ್ಲಾಂಟಾದ ದೊಡ್ಡ ಯೂನಿವರ್ಸಿಟಿ. ಎರಡು ವರ್ಷದ ಪೆರಿಮೀಟರ್ ಕಾಲೇಜು 2016ರಲ್ಲಿ ಅದರೊಳಗೆ ಸೇರಿತು. ಆ ಗ್ರಾಂಟ್ ಶುರುವಾದದ್ದು ಯೂನಿವರ್ಸಿಟಿಯ ಕಡೆ. ಉಪಾಯ ಮಾತ್ರ ಎಲ್ಲಿಗೂ ಹೊಂದುತ್ತೆ. ಅರ್ಜಿ ಹಾಕಿಸಿಕೊಂಡ್ರೆ ಕಷ್ಟದಲ್ಲಿರೋರು ಹಾಕಲ್ಲ, ನಾವೇ ಹುಡುಕಿ ಕೊಡಬೇಕು.

ಕರಾವಳಿ ಕಾಮತ್

ಸರಿ ಸರ್, ತಿದ್ದಿದ್ದಕ್ಕೆ ಧನ್ಯವಾದ.

ಹಾಸನದವಳು

ಹಿಂದೆ ಬೀಳೋರ ಬಗ್ಗೆ ಬೇಗ ಎಚ್ಚರಿಸುವ ಅರ್ಲಿ ಅಲರ್ಟ್ ಸಾಫ್ಟ್‌ವೇರ್ ಬಗ್ಗೆ ಯಾರಾದ್ರೂ ಹೇಳಿ. ಅದಕ್ಕೇ ಎಲ್ಲರೂ ದುಡ್ಡು ಸುರೀತಾರೆ.

ಅಡ್ವೈಸರ್ ಅಕ್ಕ

ಸಾಫ್ಟ್‌ವೇರ್ ಕೆಂಪು ದೀಪ ಹಾಕುತ್ತೆ. ದೀಪ ನೋಡಿ ಫೋನ್ ಎತ್ತೋರು ಯಾರು? ಇದಕ್ಕೆ ಹೆಸರು ಸಮೇತ ಉತ್ತರ ಇಲ್ಲದಿದ್ರೆ ಕೊಳ್ಳಬೇಡಿ.

ಮಿಡ್‌ಟರ್ಮ್ ಅಂಕ ನೋಡಿ ಎಚ್ಚರಿಸೋದು ತಡ. ಆ ಹೊತ್ತಿಗೆ ಡ್ರಾಪ್ ಗಡುವು, ಫೀಸ್ ವಾಪಸಿನ ಗಡುವು ಎರಡೂ ಮುಗಿದಿರುತ್ತೆ. ಎರಡನೇ ವಾರದಲ್ಲೇ ನೋಡಬೇಕಾದ್ದು ಮೂರೇ: ಮೊದಲ ಅಸೈನ್‌ಮೆಂಟ್ ಕೊಟ್ಟಿದ್ದಾರಾ, ಎರಡು ಕ್ಲಾಸ್ ತಪ್ಪಿಸಿದ್ದಾರಾ, ಕ್ಯಾನ್ವಾಸ್‌ಗೆ (ಕೋರ್ಸಿನ ಆನ್‌ಲೈನ್ ಪೋರ್ಟಲ್) ಏಳು ದಿನದಿಂದ ಲಾಗಿನ್ ಆಗಿಲ್ವಾ. ಅದಕ್ಕೆ ಮೊದಲ ವಾರದಲ್ಲೇ ಒಂದು ಸಣ್ಣ ಅಸೈನ್‌ಮೆಂಟ್ ಇರಲೇಬೇಕು. ನಾಲ್ಕನೇ ವಾರಕ್ಕೆ ಮೊದಲ ಪರೀಕ್ಷೆ ಇಟ್ರೆ ನೋಡೋಕೆ ಏನೂ ಇರಲ್ಲ.

ಮೆಸೇಜಿನಲ್ಲಿ 'ನೀವು ಅಪಾಯದ ಪಟ್ಟಿಯಲ್ಲಿದ್ದೀರಿ' ಅಂತ ಬರೆದ್ರೆ ಅರ್ಧ ಜನ ಅಲ್ಲೇ ಬಿಡ್ತಾರೆ. 'ಸೋಮವಾರದ ಅಸೈನ್‌ಮೆಂಟ್ ಬಂದಿಲ್ಲ, ಶುಕ್ರವಾರದವರೆಗೆ ತಗೋತೀನಿ, ಬುಧವಾರ 2ರಿಂದ 4 ನಾನು ರೂಮಲ್ಲಿರ್ತೀನಿ' ಅಂತ ಅಧ್ಯಾಪಕರ ಹೆಸರಲ್ಲೇ ಹೋಗಲಿ. ಅಡ್ವೈಸರ್ ಮಾತಾಡಿದ ಮೇಲೆ ಏನಾಯ್ತು ಅಂತ ಅಧ್ಯಾಪಕರಿಗೆ ಒಂದು ಸಾಲು ವಾಪಸ್ ಬರಬೇಕು. ಬರದಿದ್ರೆ ಮುಂದಿನ ಸಲ ಅವರು ಅಲರ್ಟ್ ಹಾಕೋದೇ ಇಲ್ಲ. ಇಡೀ ವ್ಯವಸ್ಥೆ ಸಾಯೋದು ಇಲ್ಲೇ.

ತುಂಗಾ ತೀರ

ಟೆಕ್ಸಸಿನ ಒಡೆಸ್ಸಾ ಕಾಲೇಜು ಅಧ್ಯಾಪಕರಿಂದ ಕೇಳಿದ್ದು ಬಹಳ ಸರಳ: ಬೇಗ ಹೆಸರು ಕಲಿಯಿರಿ, ಪ್ರತಿಯೊಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡಿ, ಹಿಂದೆ ಬೀಳೋರನ್ನು ಗಮನಿಸಿ, ನಿಯಮ ಗಟ್ಟಿ ಇರಲಿ ಆದರೆ ಮನುಷ್ಯರನ್ನು ನೋಡಿ ಸಡಿಲಿಸಿ. ಖರ್ಚು ಸೊನ್ನೆ. ಆಮೇಲೆ 2014ರಿಂದ 16 ವಾರದ ಬದಲು ಹೆಚ್ಚಿನ ಕೋರ್ಸುಗಳನ್ನು ಎಂಟು ವಾರಕ್ಕೆ ಇಳಿಸಿದರು. ಒಂದು ಹೊತ್ತಿಗೆ ಎರಡೇ ವಿಷಯ. ಐದನೇ ವಾರಕ್ಕೆ ಕಾರು ಕೆಟ್ಟು ನಿಂತರೆ ಹೋಗೋದು ಎರಡು ಕೋರ್ಸು, ನಾಲ್ಕಲ್ಲ. ಎರಡು ತಿಂಗಳಲ್ಲಿ ಮತ್ತೆ ಶುರು ಮಾಡಬಹುದು.

ಏಡ್ ಕಚೇರಿ

ಎಂಟು ವಾರದ ಪದ್ಧತಿ ಒಳ್ಳೇದು, ಆದರೆ ಎರಡನೇ ಎಂಟು ವಾರಕ್ಕೂ ಸೆಮಿಸ್ಟರ್ ಶುರುವಿನಲ್ಲೇ ರಿಜಿಸ್ಟರ್ ಮಾಡಿಸಿ. ಇಲ್ಲದಿದ್ರೆ ಏಡ್ ಲೆಕ್ಕ ಅರ್ಧ ಕ್ರೆಡಿಟ್‌ಗೆ ಬರುತ್ತೆ, ಮಧ್ಯದಲ್ಲಿ ಇನ್ನೊಂದು ಸೋರುವ ಜಾಗ ಹುಟ್ಟುತ್ತೆ. ಸೈನ್ಸ್ ಲ್ಯಾಬ್ ಇರುವ ಕೋರ್ಸನ್ನು ಎಂಟು ವಾರಕ್ಕೆ ಹಿಂಡುವ ಮುಂಚೆ ವಾರಕ್ಕೆ ಎಷ್ಟು ಗಂಟೆ ಲ್ಯಾಬ್ ಆಗುತ್ತೆ ಅಂತ ಕೂಡಿಸಿ ನೋಡಿ.

ಧಾರವಾಡ ಪೇಢೆ

ಕ್ರೆಡಿಟ್ ಅಂದ್ರ ನೆನಪಾತು. ಫುಲ್‌ಟೈಮ್ ಅಂದ್ರ 12 ಅಂತಾರ. ನಾಲ್ಕು ಸೆಮಿಸ್ಟರ್ 12 ತಗೊಂಡ್ರ 48. ಡಿಗ್ರಿಗೆ 60 ಬೇಕು. ಎಲ್ಲಾ ಪಾಸ್ ಆದ್ರೂ ಎರಡ್ ವರ್ಷಕ್ಕ ಮುಗ್ಯಾಂಗಿಲ್ಲ! ಇದನ್ನ ಹುಡುಗ್ರಿಗೆ ಮೊದಲ ದಿನಾನ ಯಾಕ ಹೇಳಂಗಿಲ್ಲ?

ಅಡ್ವೈಸರ್ ಅಕ್ಕ

ಸರಿಯಾಗಿ ಹೇಳಿದ್ರಿ. ಆದರೆ ದುಡಿಯೋರಿಗೆ 15 ಹೇರಿದ್ರೆ ಮೇಲಿನ ಶೇ 67ರ ಗುಂಡಿಗೆ ಬೀಳ್ತಾರೆ. 12, 12, ಬೇಸಿಗೆಗೆ 6, ವರ್ಷಕ್ಕೆ 30. ಬೇಸಿಗೆಗೂ ಪೆಲ್ ಸಿಗುವ ಹಾಗೆ 2017ರಲ್ಲಿ ಮತ್ತೆ ಅವಕಾಶ ಬಂತು, ಅರ್ಧ ಹೊತ್ತಿನಷ್ಟು, ಅಂದ್ರೆ 6 ಕ್ರೆಡಿಟ್ ತಗೊಂಡ್ರೆ ಸಾಕು. ಇದು ಗೊತ್ತಿಲ್ಲದೆ ಬೇಸಿಗೆ ಬಿಡೋರು ಎಷ್ಟೋ ಜನ.

ಸ್ಯಾನ್‌ಹೊಸೆ ಶಾರದೆ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಎಚ್-4 ವೀಸಾದಲ್ಲಿ (ಎಚ್-1ಬಿ ಥರದ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಬಂದ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಕಮ್ಯುನಿಟಿ ಕಾಲೇಜಿಗೆ ಸೇರ್ತಾರೆ: ಅಕೌಂಟಿಂಗ್, ಅರ್ಲಿ ಚೈಲ್ಡ್‌ಹುಡ್, ನರ್ಸಿಂಗಿಗೆ ಬೇಕಾದ ಬಯಾಲಜಿ. ಅವರೂ ಅರ್ಧಕ್ಕೆ ಬಿಡ್ತಾರೆ. ಅವರಿಗೆ ಫೆಡರಲ್ ಏಡ್ ಇಲ್ಲ, ಈ ನಿಯಮಗಳು ಅವರಿಗೆ ತಾಗಲ್ಲ. ಅವರ ಅಡ್ಡಿ ಏನು?

ಏಡ್ ಕಚೇರಿ

ಅವರ ದೊಡ್ಡ ಅಡ್ಡಿ, ಓದಿದ್ದನ್ನೇ ಮತ್ತೆ ಓದಿಸೋದು. ಬಿಕಾಂ ಆದವಳನ್ನು ಮೊದಲ ಅಕೌಂಟಿಂಗ್‌ಗೆ ಕೂರಿಸ್ತಾರೆ, ಬಿಎಸ್‌ಸಿ ಆದವಳಿಗೆ ಗಣಿತದ ಪ್ಲೇಸ್‌ಮೆಂಟ್ ಅಂತಾರೆ. ಸೇರುವ ಮುಂಚೆಯೇ ವಿಷಯವಾರು ಇವ್ಯಾಲ್ಯುಯೇಶನ್ ಮಾಡಿಸಬೇಕು. ಬರೀ ಡಿಗ್ರಿ ಸಮಾನ ಅಂತ ಹೇಳುವ ರಿಪೋರ್ಟ್ ಸಾಲದು, ಪ್ರತಿ ಪೇಪರಿಗೂ ಕ್ರೆಡಿಟ್ ಬರೆದ ರಿಪೋರ್ಟ್ ಬೇಕು. ಅದಕ್ಕೆ ಊರಿನ ಯೂನಿವರ್ಸಿಟಿಯಿಂದ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್. ವಿಮಾನ ಹತ್ತೋ ಮುಂಚೆ ಎರಡು ಸೀಲ್ಡ್ ಪ್ರತಿ, ಜೊತೆಗೆ ಆ ವರ್ಷದ ಸಿಲಬಸ್ ಪ್ರತಿ ತಂದಿಟ್ಕೊಂಡ್ರೆ ಎಷ್ಟೋ ಕೆಲಸ ಹಗುರ.

ಇನ್ನೊಂದು, ಅಲ್ಲಿಯ ನಿವಾಸಿಗಳ ಕಡಿಮೆ ಫೀಸ್ ಎಚ್-4ಗೆ ಸಿಗುತ್ತಾ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೌಂಟರಿನಲ್ಲಿ 'ವೀಸಾ ಅಂದ್ರೆ ಇಂಟರ್‌ನ್ಯಾಷನಲ್ ಫೀಸ್' ಅಂದ್ರೆ ಸುಮ್ಮನೆ ಕಟ್ಟಬೇಡಿ, ಬರೆದ ನಿಯಮ ತೋರಿಸಿ ಅಂತ ಕೇಳಿ.

ಮಂಡ್ಯ ಮೇಡಂ

ನೀವೆಲ್ಲ ಅಲ್ಲಿಯದು ಹೇಳ್ತಿದ್ದೀರಿ, ಓದ್ತಾ ಓದ್ತಾ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ಕಣ್ಣ ಮುಂದೆ ಬಂದ್ವು. ಸೋರುವ ಜಾಗ ಅವೇ, ಹೆಸರು ಬೇರೆ.

ಎಸ್‌ಎಸ್‌ಪಿ ಪೋರ್ಟಲಲ್ಲಿ ವಿದ್ಯಾರ್ಥಿವೇತನದ ಅರ್ಜಿ ನಿಲ್ಲೋದು ಯಾವುದಕ್ಕೆ? ಆಧಾರಿನ ಹೆಸರಿಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅವಧಿ ಮುಗಿದಿದೆ. ಮೂರನ್ನೂ ಅಡ್ಮಿಷನ್ ದಿನವೇ ಒಂದು ಟೇಬಲ್ ಹಾಕಿ ನೋಡಿದ್ರೆ ತಿಂಗಳುಗಟ್ಟಲೆ ಅಲೆದಾಟ ಇರಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ, ಆದರೆ ಹಳ್ಳಿಯಿಂದ ಹೊರಡೋ ಬಸ್ಸು 10 ಗಂಟೆಗೆ ಅಂದ್ರೆ 9.30ರ ಮೊದಲ ಪೀರಿಯಡ್ ದಿನಾ ಹೋಯ್ತು, ಹಾಜರಾತಿ ಶೇ 75ಕ್ಕಿಂತ ಕೆಳಗಿಳೀತು. ಟೈಮ್‌ಟೇಬಲ್ ಹಾಕೋ ಮುಂಚೆ ಡಿಪೋದ ಬಸ್ ವೇಳಾಪಟ್ಟಿ ತರಿಸಿ ಪಕ್ಕದಲ್ಲಿಟ್ಕೊಳ್ಳಿ ಅಂತ ನಾನು ಹೇಳೋದು.

ಧಾರವಾಡ ಪೇಢೆ

ಮೇಡಂ, ಬಸ್ಸಿನ ಮಾತು ನೂರಕ್ಕ ನೂರು ಖರೆ. ಆದ್ರ ನಮ್ಮಲ್ಲಿ ದೊಡ್ಡ ರೋಗ ಬ್ಯಾಕ್‌ಲಾಗ್. ಒಂದೋ ಎರಡೋ ಪೇಪರ್ ಉಳಸ್ಕೊಂಡು ಹೊರಗ ಹೋದವ್ರು ತಿರುಗಿ ಬರಂಗಿಲ್ಲ. 2021-22ಕ್ಕ ಎನ್‌ಇಪಿ ಬಂತು, 2024-25ಕ್ಕ ಮತ್ತ ಮೂರು ವರ್ಷದ ಡಿಗ್ರಿ ಬಂತು. ಸ್ಕೀಮ್ ಬದಲಾದಂಗ ಹಳೇ ಪೇಪರ್ ಓದಿಸೋರು ಇಲ್ಲ, ಹಳೇ ಪುಸ್ತಕಾನೂ ಸಿಗಂಗಿಲ್ಲ.

ಅಂಕಿಅಂಶ

ಹೀಗೆ ಸ್ವಲ್ಪದರಲ್ಲೇ ಉಳಿದವರ ಪಟ್ಟಿ ಮಾಡೋದು ಎರಡೂ ದೇಶದಲ್ಲಿ ಅತಿ ಸುಲಭದ ಕೆಲಸ. ಕರ್ನಾಟಕದಲ್ಲಿ ಒಂದೋ ಎರಡೋ ಪೇಪರ್ ಬಾಕಿ ಇದ್ದವರನ್ನು ಸ್ಕೀಮ್‌ವಾರು ಬೇರ್ಪಡಿಸಿ, ಪರೀಕ್ಷಾ ಶುಲ್ಕದ ಕೊನೇ ದಿನಕ್ಕೆ ಒಂದು ತಿಂಗಳ ಮುಂಚೆ ಫೋನ್ ಮಾಡಿ. ಅಮೆರಿಕದಲ್ಲಿ 45 ಕ್ರೆಡಿಟ್ ದಾಟಿ ಬಿಟ್ಟವರಿಗೆಲ್ಲ ಡಿಗ್ರಿ ಆಡಿಟ್ (ಡಿಗ್ರಿಗೆ ಇನ್ನೇನು ಬಾಕಿ ಅನ್ನೋ ತಪಾಸಣೆ) ಓಡಿಸಿ. ಕೆಲವರು ಆಗಲೇ ಅರ್ಹರಾಗಿರ್ತಾರೆ, ಅರ್ಜಿ ಹಾಕಿಲ್ಲ ಅಷ್ಟೇ. ಡಿಗ್ರಿಗೆ ಅರ್ಜಿ, ಅದಕ್ಕೊಂದು ಫೀಸ್ ಅನ್ನೋ ಪದ್ಧತಿ ತೆಗೆದುಹಾಕಿ, ಅರ್ಹರಾದವರಿಗೆ ತಾನಾಗಿ ಕೊಡಿ. ಟ್ರಾನ್ಸ್‌ಫರ್ ಆಗಿ ಹೋದವರ ಕ್ರೆಡಿಟ್ ಅಲ್ಲಿಂದ ವಾಪಸ್ ತರಿಸಿ ಇಲ್ಲಿಯ ಡಿಗ್ರಿ ಕೊಡಲೂಬಹುದು.

ಕರಾವಳಿ ಕಾಮತ್

ಇನ್ನೊಂದು ಸಣ್ಣ ವಿಷಯ. ಕ್ಲಾಸ್ ಶುರುವಾಗಿ ವಾರ ಕಳೆದ ಮೇಲೂ ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಬೇಕು. ಫ್ಲಾರಿಡಾದ ವೆಲೆನ್ಸಿಯಾ ಕಾಲೇಜಿನಲ್ಲಿ ಮೊದಲ ಕ್ಲಾಸ್ ನಡೆದ ಮೇಲೆ ಆ ಸೆಕ್ಷನ್ನಿಗೆ ಸೇರಲಿಕ್ಕಾಗದು. ಬದಲಿಗೆ ತಡವಾಗಿ ಶುರುವಾಗುವ ಸೆಕ್ಷನ್ ಇಡ್ತಾರೆ. ಬಾಗಿಲು ಮುಚ್ಚಿದ ಹಾಗಲ್ಲ, ಇನ್ನೊಂದು ಬಾಗಿಲು ತೆರೆದ ಹಾಗೆ.

ಹಾಸನದವಳು

ಎಲ್ಲರಿಗೂ ಮನಸಾರೆ ಧನ್ಯವಾದ. ನಾನು ಸಮಿತಿಗೆ ಇಡೋದು ಹೀಗೆ: ಆ್ಯಪ್ ಬೇಡ. ಗಣಿತ, ಇಂಗ್ಲಿಷ್ ಎರಡಕ್ಕೂ ಕೋ-ರಿಕ್ವಿಸಿಟ್. ಉಳಿದ ದುಡ್ಡಲ್ಲಿ ಇಬ್ಬರು ಅಡ್ವೈಸರ್, ಬರೀ ಮೊದಲ ವರ್ಷದವರಿಗೆ. ಖರ್ಚಿಲ್ಲದ್ದು ಈ ಸೆಮಿಸ್ಟರೇ: ಮೊದಲ ವಾರದ ಅಸೈನ್‌ಮೆಂಟ್, ಸಣ್ಣ ಹೋಲ್ಡ್‌ಗೆ ಗೆರೆ, ಎಸ್‌ಎಪಿ ಪತ್ರದಲ್ಲಿ ಅವರವರ ಲೆಕ್ಕ. ಮೇಷ್ಟ್ರೇ, ಒಂದೇ ಅನುಮಾನ: ಬೆಂಬಲದ ಕ್ಲಾಸಿಗೆ ರಿಜಿಸ್ಟರ್ ಆಗದೆ ಬರೀ ಮೇನ್ ಕ್ಲಾಸಿಗೆ ಆದವರನ್ನು ಹೇಗೆ ತಡೆಯೋದು?

ಗಣಿತದ ಮೇಷ್ಟ್ರು

ಎರಡು ಸೆಕ್ಷನ್ನನ್ನೂ ಸಿಸ್ಟಮಿನಲ್ಲಿ ಕೊಂಡಿ ಹಾಕಿಸಿ, ಒಂದಕ್ಕೆ ಸೇರಿದ್ರೆ ಇನ್ನೊಂದಕ್ಕೂ ತಾನಾಗಿ ಸೇರಬೇಕು, ಒಂದು ಬಿಟ್ಟರೆ ಎರಡೂ ಬಿಡಬೇಕು. ರಿಜಿಸ್ಟ್ರಾರ್ ಕಚೇರಿಗೆ ಇದನ್ನು ಶೆಡ್ಯೂಲ್ ಪ್ರಕಟ ಆಗೋ ಮುಂಚೆ ಹೇಳಿ, ಆಮೇಲೆ ಬದಲಿಸೋದು ಕಷ್ಟ. ಬೆಂಬಲದ ಕ್ಲಾಸಿಗೆ ಬೇರೆ ಗ್ರೇಡ್ ಇಟ್ಟು ಫೇಲ್ ಮಾಡಬೇಡಿ, ಅದೂ ಶೇ 67ರ ಲೆಕ್ಕಕ್ಕೆ ಬರಬಹುದು. ಮೇನ್ ಕೋರ್ಸ್ ಪಾಸಾದ್ರೆ ಅದೂ ಪಾಸ್ ಅಂತ ಇಡಿ. ರೂಮು ಅದೇ ರೂಮು, ಮೇನ್ ಕ್ಲಾಸ್ ಮುಗಿದ ತಕ್ಷಣದ ಗಂಟೆ ಹಿಡಿದಿಡಿ. ಮಧ್ಯೆ ಎರಡು ಗಂಟೆ ಬಿಡುವು ಬಿಟ್ರೆ ಅರ್ಧ ಜನ ಕೆಲಸಕ್ಕೆ ಹೊರಟುಬಿಡ್ತಾರೆ.